ನಿದ್ದೆ ಕೆಡಿಸುವ ಗುಳಿಗೆಗೆ ಹೊತ್ತು ಬದಲಿಸಿ

"ಡಾಕ್ಟ್ರೇ, ಗುಳಿಗೆ ತಗೊಂಡ್ರೆ ರಾತ್ರಿಯಿಡೀ ನಿದ್ದೆ ಇಲ್ಲ." ಕಾರವಾರದ ಕಡೆ ಎಚ್‌ಐವಿ ಔಷಧ ತೆಗೆದುಕೊಳ್ಳುವವರಿಂದ ನಾನು ಜಾಸ್ತಿ ಕೇಳುವ ದೂರು ಇದು. ಯಾವಾಗ ತಗೋತೀರಿ ಅಂದರೆ, ಉಂಡು ಮಲಗುವಾಗ ಅನ್ನುತ್ತಾರೆ. ಹಳೇ ರೂಢಿ. ಮೊದಲಿನ ಗುಳಿಗೆಯಲ್ಲಿ ಎಫಾವಿರೆಂಜ್ ಇತ್ತು, ಅದು ತಲೆ ತಿರುಗಿಸುತ್ತಿತ್ತು, ಏನೇನೋ ಕನಸು ಬೀಳುತ್ತಿತ್ತು, ಅದಕ್ಕೇ ಮಲಗುವಾಗ ತಗೊಳ್ಳಿ ಅಂತ ನಾವೇ ಹೇಳಿಕೊಟ್ಟಿದ್ದೆವು. ಈಗಿನದು ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ದಿನಕ್ಕೊಂದೇ ಗುಳಿಗೆ. ಈ ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆ ತಗೊಂಡರೆ ಎಷ್ಟೋ ಜನಕ್ಕೆ ಸರಿಹೋಗುತ್ತದೆ.

ರಾತ್ರಿ ಬೋಟಿನಲ್ಲಿದ್ದು ಹಗಲು ಮಲಗುವವರ ಲೆಕ್ಕ ಬೇರೆ. ಅವರ ಬೆಳಗು ಅಂದರೆ ಎದ್ದ ಮೇಲಿನ ಸಂಜೆ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಂತಾಗ ದಿನಚರಿ ಮತ್ತೆ ತಿರುಗುತ್ತದೆ, ಆಗ ಗುಳಿಗೆಯ ಹೊತ್ತೂ ತಪ್ಪುತ್ತದೆ. ಮೊದಲೇ ಕೇಳಿಕೊಂಡು ಹೋಗಿ.

ಶುರುವಿನ ವಾರಗಳಲ್ಲಿ ಹೊಟ್ಟೆ ತೊಳಸೋದೂ ಉಂಟು. ಆಗ ಮೆಡಿಕಲ್ ಶಾಪಿನಿಂದ ಗ್ಯಾಸಿನ ಸಿರಪ್ ತಂದು ಗುಳಿಗೆ ಜೊತೆಗೇ ಕುಡಿಯುತ್ತಾರೆ. ಇದು ಮಾಡಬೇಡಿ. ಅದರಲ್ಲಿರುವ ಅಲ್ಯುಮಿನಿಯಂ, ಮೆಗ್ನೀಸಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್ ಅನ್ನು ಹಿಡಿದುಕೊಳ್ಳುತ್ತವೆ, ಔಷಧ ರಕ್ತಕ್ಕೆ ಸೇರೋದೇ ಕಡಿಮೆ. ಸಿರಪ್ ಬೇಕೇ ಬೇಕಾದರೆ, ಗುಳಿಗೆ ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಊಟದ ಜೊತೆಯಾದರೆ ಒಟ್ಟಿಗೇ ತಗೋಬಹುದು, ಖಾಲಿ ಹೊಟ್ಟೆಯಲ್ಲಿ ಬೇಡ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಅದನ್ನೂ ಹೇಳಬೇಕು, ಡೋಸ್ ಇಳಿಸಬೇಕಾಗಬಹುದು.

ಬಲೆ ಎಳೆದು ಸೊಂಟ ಹಿಡಿದಾಗ ನೋವಿನ ಮಾತ್ರೆ ನುಂಗುತ್ತಲೇ ಇರುವವರ ಬಗ್ಗೆ ನನಗೆ ಜಾಸ್ತಿ ಹೆದರಿಕೆ. ಟೆನೊಫೊವಿರ್ ಕೆಲವರ ಕಿಡ್ನಿಗೆ ತೊಂದರೆ ಕೊಡುತ್ತದೆ, ಅದರ ಜೊತೆ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಅದಕ್ಕೇ. ಹಾಗಂತ ಅದು ಚೂರು ಏರಿದ ಕೂಡಲೇ ಕಿಡ್ನಿ ಹೋಯ್ತು ಅಂತಲ್ಲ, ಡೊಲುಟೆಗ್ರಾವಿರ್ ಕಿಡ್ನಿಗೆ ಏನೂ ಮಾಡದೆಯೂ ಆ ಅಂಕಿಯನ್ನು ತುಸು ಏರಿಸುತ್ತದೆ.

ಶಿರಸಿ ಕಡೆಯವರು ಕೆಲವರು, ಪರಿಚಯದವರು ಕಂಡಾರು ಅಂತ ದೇವಿಮನೆ ಘಟ್ಟ ಇಳಿದು ಔಷಧಕ್ಕೆ ಬರುತ್ತಾರೆ. ಸಣ್ಣ ತೊಂದರೆಗೆ ಅಷ್ಟು ದೂರ ಯಾರು ಬರ್ತಾರೆ, ಅಲ್ವಾ? ಸುಮ್ನೆ ಗುಳಿಗೆ ಬಿಟ್ಟುಬಿಡುತ್ತಾರೆ. ಹೆಪಟೈಟಿಸ್ ಬಿ ಕೂಡ ಇದ್ದವರು ಹೀಗೆ ಬಿಟ್ಟರೆ ಲಿವರ್ ಒಮ್ಮೆಲೇ ಕೆರಳಬಹುದು. ಬರಲು ಆಗದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳೋದಿಲ್ಲ. ಆದರೆ ಕಣ್ಣು ಹಳದಿಯಾದರೆ, ಜ್ವರದ ಜೊತೆ ಮೈಮೇಲೆ ಗುಳ್ಳೆ ಎದ್ದರೆ, ಬಾಯಿ ಹುಣ್ಣಾದರೆ ಫೋನು ಸಾಲದು, ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ, ಯಾವ ಗುಳಿಗೆ ಅಂತ ಡಬ್ಬಿಯನ್ನೇ ತೋರಿಸಿ.