ಪದ ಪರಿಚಯ: ಆಟೋಮೌಂಟ್

ಬೇರೆ ಕಂಪ್ಯೂಟರಿನಲ್ಲೋ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್) ಪೆಟ್ಟಿಗೆಯಲ್ಲೋ ಇರುವ ಶೇರ್ ಫೋಲ್ಡರನ್ನು ನಮ್ಮ ಕಂಪ್ಯೂಟರಿನ ಒಂದು ಖಾಲಿ ಫೋಲ್ಡರಿಗೆ ಜೋಡಿಸುವುದೇ ಮೌಂಟ್. ಆ ಖಾಲಿ ಫೋಲ್ಡರಿಗೆ ಮೌಂಟ್ ಪಾಯಿಂಟ್ ಎನ್ನುತ್ತಾರೆ. ಇದು ತಾನಾಗಿಯೇ ಆದರೆ ಆಟೋಮೌಂಟ್ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ಅರ್ಧ ಸರಿ. ಕಂಪ್ಯೂಟರ್ ಆನ್ ಆಗುವಾಗಲೇ ಮೌಂಟ್ ಆಗುವುದು ಬೂಟ್ ಮೌಂಟ್. ಆಟೋಮೌಂಟ್‌ನಲ್ಲಿ ಬೂಟ್ ವೇಳೆಗೆ ಬರೀ ಕಾವಲು ಇರುತ್ತದೆ. ಯಾರಾದರೂ ಆ ಫೋಲ್ಡರನ್ನು ತೆರೆದ ಕ್ಷಣದಲ್ಲಿ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅವರನ್ನು ತಡೆದು ನಿಲ್ಲಿಸಿ, ಸರ್ವರನ್ನು ಸಂಪರ್ಕಿಸಿ, ಮೌಂಟ್ ಮಾಡಿ, ಆಮೇಲೆ ಒಳಗೆ ಬಿಡುತ್ತದೆ.

ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವಿಧಾನ) ತಂದ ಮೇಲೆ ಅದೇ ಕಂಪನಿಯ ಯೂನಿಕ್ಸ್‌ನಲ್ಲಿ ಬೆಳೆದ ಉಪಾಯ ಇದು. ಇವತ್ತು ಲಿನಕ್ಸ್‌ನಲ್ಲಿ ಇದಕ್ಕೆ ಎರಡು ದಾರಿ: ಹಳೆಯ ಆಟೋಎಫ್‌ಎಸ್ ಮತ್ತು ಸಿಸ್ಟಮ್‌ಡಿಯ ಒಳಗೇ ಇರುವ ಆಟೋಮೌಂಟ್ ಯೂನಿಟ್. ಬೂಟ್ ವೇಳೆ ಎಲ್ಲ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಪ್ರೋಗ್ರಾಂ ಸಿಸ್ಟಮ್‌ಡಿ, ಅದು ನೋಡಿಕೊಳ್ಳುವ ಒಂದೊಂದು ಕೆಲಸವೂ ಒಂದು ಯೂನಿಟ್.

ಮಲೆನಾಡಿನಲ್ಲಿ ಇದರ ಬೆಲೆ ಗೊತ್ತಾಗುವುದು ಮಳೆಗಾಲದಲ್ಲಿ. ಶಿವಮೊಗ್ಗದ ಒಂದು ಅಡಿಕೆ ಮಂಡಿ ಎಂದಿಟ್ಟುಕೊಳ್ಳಿ. ಒಳಕೋಣೆಯಲ್ಲಿ ಎರಡು ಡಿಸ್ಕಿನ ನ್ಯಾಸ್, ಹೊರಗೆ ಉಬುಂಟು ಹಾಕಿದ ಮೂರು ಕಂಪ್ಯೂಟರ್. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಮುಗಿಯುತ್ತದೆ, ಕರೆಂಟ್ ಬಂದಾಗ ಎಲ್ಲವೂ ಒಟ್ಟಿಗೆ ಆನ್ ಆಗುತ್ತವೆ. ಎಸ್‌ಎಸ್‌ಡಿ ಇರುವ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಸಿದ್ಧ. ನ್ಯಾಸ್‌ಗೆ ಎರಡು ಮೂರು ನಿಮಿಷವಾದರೂ ಬೇಕು. ಬೂಟ್ ಮೌಂಟ್ ಆ ಹೊತ್ತಿಗೆ ಒಮ್ಮೆ ಬಾಗಿಲು ತಟ್ಟಿ, ಉತ್ತರ ಬಾರದೆ, ಕೈಬಿಟ್ಟಿರುತ್ತದೆ. ತಾನಾಗಿ ಮತ್ತೆ ತಟ್ಟುವುದಿಲ್ಲ. ಆಟೋಮೌಂಟ್ ಆದರೆ, ಲೆಕ್ಕ ಬರೆಯುವವರು ಫೋಲ್ಡರ್ ತೆರೆಯುವ ತನಕ ಸುಮ್ಮನಿರುತ್ತದೆ. ಅಷ್ಟರಲ್ಲಿ ನ್ಯಾಸ್ ಎದ್ದಿರುತ್ತದೆ.

ಹೊಂದಿಸುವುದು, ಏನು ಎಲ್ಲಿಗೆ ಮೌಂಟ್ ಆಗಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನ ಒಂದೇ ಸಾಲಿನಲ್ಲಿ. ಮೊದಲು ಸರ್ವರಿನ ವಿಳಾಸ ಮತ್ತು ಶೇರ್ ಹೆಸರು, ಆಮೇಲೆ ಮೌಂಟ್ ಪಾಯಿಂಟ್, ಆಮೇಲೆ ಬಗೆ (ವಿಂಡೋಸ್ ಬಗೆಯ ಎಸ್‌ಎಂಬಿ ಶೇರಿಗೆ ಸಿಐಎಫ್‌ಎಸ್, ಇಲ್ಲವೇ ಎನ್‌ಎಫ್‌ಎಸ್), ಆಮೇಲೆ ಆಪ್ಷನ್‌ಗಳು, ಕೊನೆಗೆ ಎರಡು ಸೊನ್ನೆ. ಆಪ್ಷನ್‌ಗಳಲ್ಲಿ ಮುಖ್ಯವಾದವು ನಾಲ್ಕು: ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್, ನೋಫೇಲ್, ಎಕ್ಸ್-ಸಿಸ್ಟಮ್‌ಡಿ.ಮೌಂಟ್-ಟೈಮೌಟ್=15, ಎಕ್ಸ್-ಸಿಸ್ಟಮ್‌ಡಿ.ಐಡಲ್-ಟೈಮೌಟ್=600. ಎರಡನೆಯದು ಮೌಂಟ್ ಸೋತರೂ ಬೂಟ್ ನಿಲ್ಲದಿರಲು, ಮೂರನೆಯದು ಮೌಂಟ್‌ಗೆ ಎಷ್ಟು ಸೆಕೆಂಡ್ ಕಾಯಬೇಕೆಂದು ಹೇಳಲು, ನಾಲ್ಕನೆಯದು ಅಷ್ಟು ಸೆಕೆಂಡ್ ಯಾರೂ ಬಳಸದಿದ್ದರೆ ಅನ್‌ಮೌಂಟ್ ಮಾಡಲು. ಮೂರನೆಯದನ್ನು ಬಿಡಬೇಡಿ. ಸಿಸ್ಟಮ್‌ಡಿ ಸಾಮಾನ್ಯವಾಗಿ ಒಂದು ಮೌಂಟ್‌ಗೆ 90 ಸೆಕೆಂಡ್ ಕಾಯುತ್ತದೆ. ನ್ಯಾಸ್ ಸತ್ತಿದ್ದಾಗ ಫೋಲ್ಡರಿಗೆ ಕ್ಲಿಕ್ ಮಾಡಿದವರ ಪರದೆ ಅಷ್ಟು ಹೊತ್ತು ಮರಗಟ್ಟಿ ನಿಲ್ಲುತ್ತದೆ. ಸಿಐಎಫ್‌ಎಸ್ ಆದರೆ ಯುಐಡಿ=1000 (ಉಬುಂಟುವಿನ ಮೊದಲ ಯೂಸರಿನ ಸಂಖ್ಯೆ) ಕೂಡ ಹಾಕಿ. ಇಲ್ಲದಿದ್ದರೆ ಫೈಲುಗಳೆಲ್ಲ ರೂಟ್ (ಕಂಪ್ಯೂಟರಿನ ಸರ್ವಾಧಿಕಾರದ ಖಾತೆ) ಹೆಸರಿನಲ್ಲಿ ಕಾಣಿಸಿ, ಓದಲು ಬರುತ್ತದೆ, ಸೇವ್ ಮಾಡಲು ಬರುವುದಿಲ್ಲ. ಯೂಸರ್ ಹೆಸರು, ಪಾಸ್‌ವರ್ಡ್ ಬೇರೆ ಫೈಲಿನಲ್ಲಿಟ್ಟು ಅದಕ್ಕೆ 600 ಪರ್ಮಿಷನ್ (ಒಡೆಯ ಮಾತ್ರ ಓದಿ ಬರೆಯಬಲ್ಲ) ಕೊಡಿ. ಎಫ್‌ಎಸ್‌ಟ್ಯಾಬ್‌ನಲ್ಲೇ ಬರೆದರೆ, ಪಾಸ್‌ವರ್ಡಿನಲ್ಲಿ ಕಾಮಾ ಇದ್ದಾಗ ಸಾಲೇ ಅಲ್ಲಿಗೆ ತುಂಡಾಗುತ್ತದೆ. ಶೇರ್ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಅಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ 040 ಎಂದು ಬರೆಯಬೇಕು. ಸರ್ವರಿಗೆ ರೌಟರಿನಲ್ಲೇ ಒಂದು ಖಾಯಂ ಐಪಿ ಕಟ್ಟಿಡುವುದು ಒಳ್ಳೆಯದು. ವಿಳಾಸ ಬದಲಾದ ನ್ಯಾಸನ್ನು ಯಾವ ಆಪ್ಷನ್ನೂ ಹುಡುಕಿ ಕೊಡುವುದಿಲ್ಲ.

ಫೈಲ್ ತಿದ್ದಿದ ಮೇಲೆ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ ಓಡಿಸಿ, ನಂತರ ಆಟೋಮೌಂಟ್ ಯೂನಿಟನ್ನು ಸ್ಟಾರ್ಟ್ ಮಾಡಿ. ಯೂನಿಟ್ ಹೆಸರು ದಾರಿಯಿಂದಲೇ ಹುಟ್ಟುತ್ತದೆ: ಎಂಎನ್‌ಟಿ ಒಳಗಿನ ಮಂಡಿ ಫೋಲ್ಡರಿಗೆ ಎಂಎನ್‌ಟಿ-ಮಂಡಿ.ಆಟೋಮೌಂಟ್. ಫೋಲ್ಡರ್ ಹೆಸರಲ್ಲಿ ಅಡ್ಡಗೆರೆಯೋ ಕನ್ನಡ ಅಕ್ಷರವೋ ಇದ್ದರೆ ಹೆಸರು ವಿಚಿತ್ರವಾಗಿ ಮಾರ್ಪಡುತ್ತದೆ. ಸಿಸ್ಟಮ್‌ಡಿ-ಎಸ್ಕೇಪ್ ಕೇಳಿದರೆ ಸರಿಯಾದದ್ದು ಹೇಳುತ್ತದೆ.

ಕೆಲಸ ಮಾಡದಿದ್ದಾಗ ಆಟೋಮೌಂಟನ್ನೇ ಕೆದಕುತ್ತ ಕೂರುವುದು ವ್ಯರ್ಥ. ಅದನ್ನು ನಿಲ್ಲಿಸಿ, ಅದೇ ಆಪ್ಷನ್‌ಗಳಿಂದ ಕೈಯಾರೆ ಮೌಂಟ್ ಮಾಡಿ ನೋಡಿ. ಕೈಯಲ್ಲೂ ಆಗದಿದ್ದರೆ ದೋಷ ಶೇರಿನದ್ದು, ಪಾಸ್‌ವರ್ಡಿನದ್ದು ಅಥವಾ ನೆಟ್‌ವರ್ಕಿನದ್ದು. ಕೈಯಲ್ಲಿ ಆದರೆ ಮಾತ್ರ ಆಟೋಮೌಂಟ್ ಮೇಲೆ ಅನುಮಾನ ಪಡಿ. ಲಾಗ್ ನೋಡುವಾಗಲೂ ಒಂದು ಮಾತು: ನಿಜವಾದ ಕಾರಣ ಇರುವುದು ಮೌಂಟ್ ಮಾಡುವ .ಮೌಂಟ್ ಯೂನಿಟಿನ ಜರ್ನಲ್‌ನಲ್ಲಿ (ಸಿಸ್ಟಮ್‌ಡಿಯ ಲಾಗ್), ಕಾವಲು ಕಾಯುವ .ಆಟೋಮೌಂಟ್‌ನದ್ದರಲ್ಲಿ ಅಲ್ಲ.

ಎರರ್ 13 ಬಂದರೆ ಯೂಸರ್ ಹೆಸರು, ಪಾಸ್‌ವರ್ಡ್ ನೋಡಿ. ಎರರ್ 2 ಆದರೆ ಶೇರ್ ಹೆಸರು ತಪ್ಪಿದೆ, ಅಥವಾ ಮೌಂಟ್ ಪಾಯಿಂಟ್ ಇಲ್ಲ. 115 ಆದರೆ ದಾರಿಯೇ ಕಟ್ಟಿದೆ: ಸಿಐಎಫ್‌ಎಸ್‌ಗೆ 445, ಎನ್‌ಎಫ್‌ಎಸ್‌ಗೆ 2049ನೇ ಪೋರ್ಟ್ ತೆರೆದಿದೆಯೇ ಪರೀಕ್ಷಿಸಿ. ‘ಬ್ಯಾಡ್ ಆಪ್ಷನ್’ ಎಂದು ಹೆಲ್ಪರ್ ಪ್ರೋಗ್ರಾಂ ಕೇಳಿದರೆ ಸಿಐಎಫ್‌ಎಸ್-ಯುಟಿಲ್ಸ್ ಅಥವಾ ಎನ್‌ಎಫ್‌ಎಸ್-ಕಾಮನ್ ಹಾಕಿಲ್ಲ, ಅಷ್ಟೇ. ದಾರಿ ತಪ್ಪಿಸುವುದು 112. ‘ಹೋಸ್ಟ್ ಈಸ್ ಡೌನ್’ ಎನ್ನುತ್ತದೆ, ಪಿಂಗ್ ಮಾಡಿದರೆ ಹೋಸ್ಟ್ ಗಟ್ಟಿಯಾಗಿದೆ! ಹಳೆಯ ನ್ಯಾಸ್ ಎಸ್‌ಎಂಬಿ 1 ಮಾತ್ರ ಮಾತಾಡುತ್ತಿರುತ್ತದೆ, 2017ರ 4.13ನೇ ಕರ್ನಲ್‌ನಿಂದ ಈಚೆಗೆ ನಾವು ಹೇಳದ ಹೊರತು ಲಿನಕ್ಸ್ ಅದನ್ನು ಬಳಸುವುದಿಲ್ಲ. ನ್ಯಾಸ್‌ನ ಸೆಟ್ಟಿಂಗ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಆನ್ ಮಾಡಿ. ವರ್ಸ್=1.0 ಎಂದು ಬರೆದು ದಾಟಿಕೊಳ್ಳಬಹುದು, ಆದರೆ ಅದೇ 2017ರಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಎಸ್‌ಎಂಬಿ 1ರ ಬಿರುಕಿನಿಂದಲೇ.

ಕೈಯಲ್ಲಿ ಆಗುತ್ತದೆ, ಫೋಲ್ಡರ್ ತೆರೆದರೆ ಆಗುವುದಿಲ್ಲ ಎಂದಾದರೆ ಆಟೋಮೌಂಟ್ ಯೂನಿಟಿನ ಸ್ಟೇಟಸ್ ನೋಡಿ. ‘ಮೌಂಟ್-ಸ್ಟಾರ್ಟ್-ಲಿಮಿಟ್-ಹಿಟ್’ ಎಂದಿದ್ದರೆ ಸಿಕ್ಕಿತು. ನ್ಯಾಸ್ ಏಳುವ ಮೊದಲೇ ಫೈಲ್ ಮ್ಯಾನೇಜರ್ ಹತ್ತು ಸೆಕೆಂಡಿನೊಳಗೆ ಐದಾರು ಸಲ ಮುಟ್ಟಿ, ಪ್ರತಿ ಸಲವೂ ಸೋತು, ಸಿಸ್ಟಮ್‌ಡಿ ಕಾವಲನ್ನೇ ತೆಗೆದುಬಿಟ್ಟಿದೆ. ರೀಸೆಟ್-ಫೇಲ್ಡ್ ಮಾಡಿ ಆಟೋಮೌಂಟ್ ಯೂನಿಟನ್ನು ಮತ್ತೆ ಸ್ಟಾರ್ಟ್ ಮಾಡಿ.

ಇದಕ್ಕಿಂತ ಅಪಾಯ ಆಮೇಲಿನದು. ಕಾವಲು ಹೋದ ಮೌಂಟ್ ಪಾಯಿಂಟ್ ಸಾಮಾನ್ಯ ಖಾಲಿ ಫೋಲ್ಡರ್. ಅದರ ಮೇಲೆ ಬರೆಯುವ ಹಕ್ಕು ಇದ್ದರೆ, ಆವತ್ತಿನ ಪಟ್ಟಿ ನ್ಯಾಸ್‌ಗೆ ಹೋಗದೆ ಅದೇ ಕಂಪ್ಯೂಟರಿನ ಡಿಸ್ಕಿಗೆ ಬೀಳುತ್ತದೆ. ಮರುದಿನ ಶೇರ್ ಮೌಂಟ್ ಆದಾಗ ಅದರಡಿ ಮುಚ್ಚಿಹೋಗುತ್ತದೆ. ‘ನಿನ್ನೆ ಮಾಡಿದ ಬಿಲ್ಲು ಮಾಯ’ ಎಂಬ ದೂರು ಬಂದರೆ ಆಟೋಮೌಂಟ್ ನಿಲ್ಲಿಸಿ, ಶೇರನ್ನು ಅನ್‌ಮೌಂಟ್ ಮಾಡಿ ಫೋಲ್ಡರ್ ನೋಡಿ, ಅಲ್ಲೇ ಇರುತ್ತದೆ. ಮತ್ತೆ ಹೀಗಾಗದಂತೆ ಅನ್‌ಮೌಂಟ್ ಆಗಿರುವಾಗಲೇ ಆ ಫೋಲ್ಡರಿಗೆ ಸಿಎಚ್‌ಅಟ್ರ್ +ಐ ಹಾಕಿ. ಆಗ ರೂಟ್ ಕೂಡ ಅದರೊಳಗೆ ಹೊಸ ಫೈಲ್ ಮಾಡಲಾರ.

ಶೇರುಗಳು ಹಲವಿದ್ದರೆ ಆಟೋಎಫ್‌ಎಸ್ ಹಿತ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಒಂದೊಂದು ಬಗೆಗೆ ಒಂದೊಂದು ಶೇರ್ ಇಟ್ಟಿದ್ದರೆ ಅದರ ಮ್ಯಾಪ್ ಫೈಲಿನಲ್ಲಿ (ಶೇರುಗಳ ಪಟ್ಟಿ) ನಾಲ್ಕು ಸಾಲು ಬೇಡ. ಎಡಕ್ಕೆ ನಕ್ಷತ್ರ ಚಿಹ್ನೆ, ಬಲಕ್ಕೆ ವಿಳಾಸದ ಕೊನೆಯಲ್ಲಿ ಆಂಪರ್‌ಸ್ಯಾಂಡ್ ಹಾಕಿದರೆ ಕೇಳಿದ ಹೆಸರೇ ಅಲ್ಲಿ ಕೂರುತ್ತದೆ. ಆದರೆ ಹೀಗೆ ಮಾಡಿದಾಗ ಫೋಲ್ಡರ್ ಮೊದಲೇ ಕಾಣುವುದಿಲ್ಲ. ಹೆಸರು ಟೈಪ್ ಮಾಡಿ ಹೋದರೆ ಮಾತ್ರ ಹುಟ್ಟುತ್ತದೆ. ಖಾಲಿ ಎಂದು ಗಾಬರಿ ಬೀಳುವವರು ಇದನ್ನು ತಿಳಿದಿರಬೇಕು.

ಐಡಲ್-ಟೈಮೌಟ್ 600 ಎಂದಿದ್ದರೂ ಅನ್‌ಮೌಂಟ್ ಆಗುತ್ತಿಲ್ಲವೆಂದರೆ ಯಾರೋ ಒಳಗೆ ಕೂತಿದ್ದಾರೆ: ತೆರೆದಿಟ್ಟ ಟರ್ಮಿನಲ್, ಮುಚ್ಚದ ಸ್ಪ್ರೆಡ್‌ಶೀಟ್. ಫ್ಯೂಸರ್ -ವಿಎಂ ಓಡಿಸಿದರೆ ಯಾರೆಂದು ಕಾಣುತ್ತದೆ. ಮೌಂಟ್ ಆಗಿದ್ದಾಗಲೇ ನ್ಯಾಸ್ ಆಫ್ ಆದರೆ ಆಟೋಮೌಂಟ್ ಏನೂ ಮಾಡಲಾರದು, ಅದರ ಪಾತ್ರ ಕೇಳಿದಾಗ ಮೌಂಟ್ ಮಾಡುವುದು, ಬಳಕೆ ನಿಂತಾಗ ಕಳಚುವುದು ಮಾತ್ರ. ನ್ಯಾಸ್ ಬೇಗ ವಾಪಸ್ ಬರುವಂತಿದ್ದರೆ ಕಾಯಿರಿ. ಬಾರದಿದ್ದರೆ ಯುಮೌಂಟ್ -ಎಲ್ ಕೊಟ್ಟು ಕಳಚಿ, ಸಿಕ್ಕಿಕೊಂಡ ಪ್ರೋಗ್ರಾಂ ಮುಚ್ಚಿ. ನ್ಯಾಸ್ ಎದ್ದ ಮೇಲೆ ಫೋಲ್ಡರ್ ತೆರೆದರೆ ಸಾಕು.