ಕಸೆ ಹೋಗಿ ಸೈಜು ಬಂದ ಕಥೆ: ರೆನೈಸಾನ್ಸ್ ಉಡುಪು ಎಲ್ಲರ ಮೈಗೂ ಒಗ್ಗದಂತೆ ಆದದ್ದು ಹೇಗೆ?

ಅಮೆರಿಕದ ಯಾವುದೇ ರೆನೈಸಾನ್ಸ್ (ಯುರೋಪಿನ ನವೋದಯ ಕಾಲ) ಜಾತ್ರೆಗೆ ಹೋಗಿ. 16ನೇ ಶತಮಾನದ ಯುರೋಪಿನ ಉಡುಪು ತೊಟ್ಟು ಓಡಾಡುವವರು ಎಲ್ಲೆಲ್ಲೂ ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನ ಮನೆಯಲ್ಲೇ ಕೂತು ಹೊಲಿದುಕೊಂಡವರು. ಈ ಹೊಲಿಯುವವರ ನಡುವೆ ಒಂದು ಹಳೇ ಜಗಳ ಇದೆ. ಇದು ಸಣ್ಣ ಸೊಂಟದವರಿಗೆ ಮಾತ್ರ ಒಪ್ಪುವ ಉಡುಪು ಅನ್ನುತ್ತಾರೆ ಕೆಲವರು. ಆ ಕಾಲದಲ್ಲಿ ದಪ್ಪಗಿದ್ದವರೇ ಇರಲಿಲ್ಲ ಅನ್ನುತ್ತಾರೆ ಇನ್ನು ಕೆಲವರು. ಬಾಡಿಗೆ ಅಂಗಡಿಗೆ ಹೋದರೆ ದೊಡ್ಡ ಸೈಜು ಸಿಗುವುದು ಕಷ್ಟ. ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬಳಸುವ ಕಾಗದದ ಮಾದರಿ, ಕೊಂಡು ಹೊಲಿದರೆ ಭುಜ ಜಾರುತ್ತದೆ, ಕಂಕುಳು ಕೊರೆಯುತ್ತದೆ. ಕೊನೆಗೆ ಹೊಲಿದವರು ತಮ್ಮ ಮೈಯನ್ನೇ ಬೈದುಕೊಂಡು ಸುಮ್ಮನಾಗುತ್ತಾರೆ. ಇದು ಎಲ್ಲಿಂದ ಶುರುವಾಯಿತು ಅಂತ ಹಿಂದಕ್ಕೆ ಹೋಗಿ ನೋಡಿದರೆ, ಮೈ ಬಯ್ಯಿಸಿಕೊಳ್ಳುವಂಥ ತಪ್ಪೇನೂ ಮಾಡಿಲ್ಲ ಅಂತ ಗೊತ್ತಾಗುತ್ತದೆ.

16ನೇ ಶತಮಾನದಲ್ಲಿ ಈಗಿನ ಹಾಗೆ ಸೈಜುಗಳೇ ಇರಲಿಲ್ಲ. ದರ್ಜಿ ಒಂದು ಉದ್ದನೆಯ ಕಾಗದದ ಅಥವಾ ಚರ್ಮದ ಪಟ್ಟಿ ಇಟ್ಟುಕೊಳ್ಳುತ್ತಿದ್ದ. ಎದೆ ಸುತ್ತಳತೆ ಇಲ್ಲಿಗೆ, ತೋಳು ಇಲ್ಲಿಗೆ ಅಂತ ಅದರ ಅಂಚಿನಲ್ಲಿ ಕಚ್ಚು ಹಾಕುತ್ತಿದ್ದ. ಆ ಪಟ್ಟಿಯ ಮೇಲೆ ಇಂಚಿನ ಲೆಕ್ಕ ಇರುತ್ತಿರಲಿಲ್ಲ. ಒಬ್ಬ ಗಿರಾಕಿಗೆ ಒಂದು ಪಟ್ಟಿ, ಅಷ್ಟೇ. ನಾವು ಟೈಲರ್‌ಗೆ ಅಳತೆ ರವಿಕೆ ಕೊಟ್ಟು ಬರುತ್ತೇವಲ್ವಾ, ಹಾಗೆ. ಅಲ್ಲಿ ನಂಬರ್ ಮುಖ್ಯ ಅಲ್ಲ, ಮೈ ಮುಖ್ಯ.

ಉಡುಪಿನ ರಚನೆಯೂ ಅದಕ್ಕೆ ತಕ್ಕ ಹಾಗೇ ಇತ್ತು. ಮೈಗೆ ತಾಗುವುದು ಲಿನನ್ನಿನ ಸಡಿಲ ಒಳಅಂಗಿ. ಅದನ್ನು ಚೌಕ, ಆಯತದ ತುಂಡುಗಳಿಂದಲೇ ಹೊಲಿಯುತ್ತಿದ್ದರು. ಕೈ ಎತ್ತಲು ಬರಲಿ ಅಂತ ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸುತ್ತಿದ್ದರು. ಅದರ ಮೇಲೆ ಬಿಗಿ ಕುಪ್ಪಸ. ಅದನ್ನು ಬಿಗಿಯಲು ಕಸೆ, ಅಂದರೆ ತೂತುಗಳಲ್ಲಿ ಪೋಣಿಸಿ ಕಟ್ಟುವ ದಾರ. ಎಷ್ಟೋ ಉಡುಪುಗಳಲ್ಲಿ ತೋಳುಗಳೂ ಬೇರೆಯೇ, ಅವನ್ನೂ ಕಸೆಯಿಂದ ಭುಜಕ್ಕೆ ಕಟ್ಟುತ್ತಿದ್ದರು. ಇಟಲಿಯ ಹೆಂಗಸರು ಕುಪ್ಪಸದ ಮುಂಭಾಗವನ್ನು ಪೂರ್ತಿ ಮುಚ್ಚದೆ, ಕಸೆಯ ನಡುವೆ ಬಿಳಿ ಒಳಅಂಗಿ ಕಾಣುವಂತೆ ಬಿಡುತ್ತಿದ್ದದ್ದೂ ಉಂಟು. ಮೈ ತುಂಬಿದರೆ ಆ ಸಂದು ಒಂದೆರಡು ಬೆರಳು ಅಗಲವಾಗುತ್ತಿತ್ತು. ಬಸುರಿಯಾದರೆ ಇನ್ನಷ್ಟು. ಇಟಲಿಯ ಫ್ಲಾರೆನ್ಸಿನ ಡ್ಯೂಕ್‌ನ ಹೆಂಡತಿ ಎಲೆನೋರಾ ಡಿ ಟೊಲೆಡೊ 11 ಮಕ್ಕಳನ್ನು ಹೆತ್ತವಳು. ಅವಳು 1562ರಲ್ಲಿ ತೀರಿಕೊಂಡಳು. ಅವಳನ್ನು ಹೂಳಿದ್ದ ಉಡುಪು ಇವತ್ತಿಗೂ ಫ್ಲಾರೆನ್ಸಿನಲ್ಲಿದೆ. ಅದೂ ಕಸೆಯದ್ದೇ.

ಇನ್ನೊಂದು ವಿಷಯ. ರೇಷ್ಮೆ, ಮಕಮಲ್ಲುಗಳ ಪನ್ನ (ಅಗಲ) ಆಗ ತುಂಬಾ ಕಡಿಮೆ, ಬೆಲೆ ವಿಪರೀತ. ಹಾಗಾಗಿ ತುಂಡಿಗೆ ತುಂಡು ಜೋಡಿಸುವುದರಲ್ಲಿ ನಾಚಿಕೆಯೇನೂ ಇರಲಿಲ್ಲ. ಉಡುಪು ಬಿಚ್ಚಿ ಮತ್ತೆ ಹೊಲಿಯುವುದು, ಇನ್ನೊಬ್ಬರ ಅಳತೆಗೆ ತಿರುಗಿಸುವುದು ದಿನನಿತ್ಯದ ಕೆಲಸ. ನಮ್ಮಲ್ಲಿ ರವಿಕೆಗೆ ಒಳಗೆ ಬಟ್ಟೆ ಬಿಟ್ಟು, ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕುತ್ತಾರೆ. ಮುಂದೆ ದಪ್ಪ ಆದರೆ ಒಂದು ಸಾಲು ಬಿಚ್ಚಿಕೊಳ್ಳಬಹುದು ಅಂತ. ಅಲ್ಲಿನ ಬುದ್ಧಿಯೂ ಅದೇ. ಮೈ ಬದಲಾಗುತ್ತದೆ ಅಂತ ಮೊದಲೇ ಒಪ್ಪಿಕೊಂಡು ಹೊಲಿದ ಬಟ್ಟೆ ಅದು.

ಆಗ ದಪ್ಪಗಿದ್ದವರೇ ಇರಲಿಲ್ಲವೇ? ಇಂಗ್ಲೆಂಡಿನ ಎಂಟನೇ ಹೆನ್ರಿಯ ಕವಚಗಳನ್ನು ನೋಡಿದರೆ ಸಾಕು. 1540ರ ಹೊತ್ತಿಗೆ ಅವನಿಗೆ ಮಾಡಿದ ಉಕ್ಕಿನ ಕವಚದ ಸೊಂಟ 50 ಇಂಚು ದಾಟಿದೆ. ಚಿತ್ರಕಾರರಾದ ಟಿಶಿಯನ್, ವೆರೊನೀಸ್ ಚಿತ್ರಿಸಿದ ವೆನಿಸ್ಸಿನ ಹೆಂಗಸರ ತೋಳು, ಕುತ್ತಿಗೆ, ಗಲ್ಲ ಎಲ್ಲವೂ ತುಂಬಿಕೊಂಡಿವೆ. ಆ ಶತಮಾನದ ಕೊನೆಯ ದಶಕಗಳಲ್ಲಿ ಗಂಡಸರಿಗೆ ಇನ್ನೊಂದು ಫ್ಯಾಷನ್ ಬಂತು. ಅಂಗಿಯ ಮುಂಭಾಗಕ್ಕೆ ಹತ್ತಿ ತುರುಕಿ, ಬಟಾಣಿ ಕಾಯಿಯ ಹಾಗೆ ಹೊಟ್ಟೆ ಮುಂದಕ್ಕೆ ಬರುವಂತೆ ಮಾಡಿಕೊಳ್ಳುತ್ತಿದ್ದರು. ಇಲ್ಲದ ಹೊಟ್ಟೆಯನ್ನು ಹೊಲಿಸಿಕೊಂಡ ಕಾಲ ಅದು.

ಮುಂದಿನ ಇನ್ನೂರು ವರ್ಷಗಳಲ್ಲಿ ಫ್ಯಾಷನ್ ಎಷ್ಟೋ ಸಲ ಬದಲಾಯಿತು, ಆದರೂ ಒಳ್ಳೆಯ ಉಡುಪು ಅಂದರೆ ದರ್ಜಿ ಅಳತೆ ತೆಗೆದು ಹೊಲಿದದ್ದೇ. 1800ರ ಆಸುಪಾಸಿಗೆ ಇಂಚಿನ ಟೇಪು ಬಂತು. ಅದರ ಹಿಂದೆಯೇ, ಎದೆಯ ಅಳತೆ ಒಂದು ಗೊತ್ತಾದರೆ ಉಳಿದ ಅಳತೆಗಳನ್ನು ಲೆಕ್ಕ ಹಾಕಬಹುದು ಅನ್ನುವ ಕಟಿಂಗ್ ಪದ್ಧತಿಗಳು ಬಂದವು. 1863ರಲ್ಲಿ ಅಮೆರಿಕದ ದರ್ಜಿ ಎಬನೀಜರ್ ಬಟರಿಕ್ ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನ್‌ಗಳನ್ನು ಮಾರಲು ಶುರುಮಾಡಿದ. ಮನೆಯ ಹೆಂಗಸರಿಗೆ ಅದರಿಂದ ಆದ ಉಪಕಾರ ದೊಡ್ಡದು. ಆದರೆ ಅಲ್ಲಿಂದ ಮುಂದೆ ಬಟ್ಟೆ ಮೈಯಿಂದ ಹುಟ್ಟುವ ಬದಲು ನಂಬರಿನಿಂದ ಹುಟ್ಟತೊಡಗಿತು.

ಆ ನಂಬರ್ ಎಲ್ಲಿಂದ ಬಂತು ಅಂತ ನೋಡಬೇಕು. 1939–40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಹೆಂಗಸರ ಅಳತೆ ತೆಗೆಸಿತು. ಒಬ್ಬೊಬ್ಬರಿಂದ 59 ಅಳತೆ. ರೂತ್ ಓ'ಬ್ರಯನ್ ಮತ್ತು ವಿಲಿಯಂ ಶೆಲ್ಟನ್ ಇದರ ವರದಿಯನ್ನು 1941ರಲ್ಲಿ ಹೊರತಂದರು. ಲೆಕ್ಕಕ್ಕೆ ತೆಗೆದುಕೊಂಡದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. ಅದರ ಆಧಾರದ ಮೇಲೆ 1958ರಲ್ಲಿ ಸರ್ಕಾರಿ ಸೈಜು ಪಟ್ಟಿ ಬಂತು. ಅದು ಎಷ್ಟೋ ಜನರ ಮೈಗೆ ಸರಿಯಾಗಿ ಕೂಡದೆ, ಕೊನೆಗೆ 1983ರಲ್ಲಿ ಸರ್ಕಾರವೇ ಅದನ್ನು ವಾಪಸು ಪಡೆಯಿತು. ಪಟ್ಟಿ ಹೋಯಿತು, ಸೈಜು ಅನ್ನುವ ಅಭ್ಯಾಸ ಮಾತ್ರ ಉಳಿಯಿತು.

ಆ ಸರ್ಕಾರಿ ಪಟ್ಟಿ ಇದ್ದ ಹೊತ್ತಿಗೇ ಜಾತ್ರೆಗಳು ಹುಟ್ಟಿದವು. 1963ರಲ್ಲಿ ಫಿಲಿಸ್ ಮತ್ತು ರಾನ್ ಪ್ಯಾಟರ್ಸನ್ ದಂಪತಿ ಲಾಸ್ ಏಂಜಲೀಸ್‌ನಲ್ಲಿ ಒಂದು ರೇಡಿಯೊ ಕೇಂದ್ರಕ್ಕೆ ಹಣ ಕೂಡಿಸಲು ಮೊದಲ ರೆನೈಸಾನ್ಸ್ ಜಾತ್ರೆ ನಡೆಸಿದರು. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹಳೇ ಕಾಲದ ಬದುಕನ್ನು ಆಡಿ ಕಲಿಯುವವರ ದೊಡ್ಡ ಸಂಘವೊಂದು ಶುರುವಾಯಿತು. ಉಡುಪು ಬೇಕಾದವರು ಕೈಗೆ ಸಿಕ್ಕ ಪ್ಯಾಟರ್ನ್ ಹಿಡಿದು ಹೊಲಿದರು. ತೊಡಕು ಗಟ್ಟಿಯಾದದ್ದು ಇಲ್ಲೇ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪ್ಯಾಟರ್ನ್ ಕಂಪನಿಗಳು ಮೊದಲು ಒಂದು ಮಧ್ಯಮ ಸೈಜಿಗೆ ಕಟಿಂಗ್ ಮಾಡುತ್ತವೆ. ಆಮೇಲೆ ಅದನ್ನೇ ಹಿಗ್ಗಿಸುತ್ತಾ ಹೋಗುತ್ತವೆ. ಇದಕ್ಕೆ ಗ್ರೇಡಿಂಗ್ ಅನ್ನುತ್ತಾರೆ. ಎದೆ ಎರಡು ಇಂಚು ಜಾಸ್ತಿ ಆದರೆ ಕುತ್ತಿಗೆ, ಭುಜ, ಕಂಕುಳು ಎಲ್ಲವೂ ಒಂದಿಷ್ಟು ಜಾಸ್ತಿ. ಆದರೆ ಮನುಷ್ಯರ ಮೈ ಹಾಗೆ ಬೆಳೆಯುವುದಿಲ್ಲ. ತೂಕ ಏರಿದರೆ ಭುಜದ ಮೂಳೆ ಅಗಲ ಆಗುತ್ತದೆಯೇ? ಮೈ ತುಂಬುವುದು ಎದೆ, ಹೊಟ್ಟೆ, ಪಿರ್ರೆ, ತೋಳು, ಬೆನ್ನಿನಲ್ಲಿ. ಅದೂ ಒಬ್ಬೊಬ್ಬರಿಗೆ ಒಂದೊಂದು ಕಡೆ. 48 ಇಂಚು ಎದೆಯ ಇಬ್ಬರು ಹೆಂಗಸರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ, ಒಬ್ಬರ ಕುಪ್ಪಸ ಇನ್ನೊಬ್ಬರಿಗೆ ಕೂಡುವುದಿಲ್ಲ. ಹಿಗ್ಗಿಸಿದ ಪ್ಯಾಟರ್ನ್ ಭುಜದಿಂದ ಜಾರುವುದು ಇದಕ್ಕೇ. ಮಾಮೂಲಿ ರವಿಕೆಯಾದರೆ ಟಕ್ಸ್ ಹಿಡಿದು ಸರಿಮಾಡಬಹುದು. 16ನೇ ಶತಮಾನದ ಕುಪ್ಪಸಕ್ಕೆ ಟಕ್ಸ್ ಇಲ್ಲ. ಎದೆಯನ್ನು ಚಪ್ಪಟೆಯಾಗಿ ಎತ್ತಿ ಹಿಡಿಯುವುದು ಕುಪ್ಪಸದೊಳಗೆ ಹಾಕಿದ ಕಡ್ಡಿಗಳು.

1985ರಲ್ಲಿ ಉಡುಪಿನ ಇತಿಹಾಸ ಬರೆಯುವ ಬ್ರಿಟಿಷ್ ಲೇಖಕಿ ಜಾನೆಟ್ ಆರ್ನಾಲ್ಡ್ ಒಂದು ದೊಡ್ಡ ಕೆಲಸ ಮಾಡಿದರು. 1560ರಿಂದ 1620ರ ನಡುವಿನ, ಇನ್ನೂ ಉಳಿದಿರುವ ಉಡುಪುಗಳ ಹೊಲಿಗೆ ಹೊಲಿಗೆಯನ್ನೂ ಅಳೆದು ನಕ್ಷೆ ಮಾಡಿ ಪ್ರಕಟಿಸಿದರು. ಹೊಲಿಯುವವರಿಗೆ ಅದೊಂದು ನಿಧಿ. ಆದರೆ ಆ ನಕ್ಷೆಗಳು ಒಬ್ಬೊಬ್ಬ ವ್ಯಕ್ತಿಯ ಮೈಯ ನಕ್ಷೆಗಳು. ಸಣ್ಣ ಉಡುಪನ್ನು ಬಿಚ್ಚಿ ಬೇರೆಯವರಿಗೆ ಹೊಲಿಯುವುದು ಕಷ್ಟ, ಅದು ಹಾಗೇ ಉಳಿದುಬಿಡುತ್ತದೆ. ದೊಡ್ಡ ಉಡುಪಿನಲ್ಲಿ ಬೇಕಾದಷ್ಟು ಬಟ್ಟೆ ಸಿಗುತ್ತದೆ, ಅದನ್ನು ಯಾರಾದರೂ ಸುಮ್ನೆ ಬಿಡುತ್ತಾರೆಯೇ? ಕತ್ತರಿಸಿ ಬಳಸಿಬಿಡುತ್ತಾರೆ. ಹಾಗಾಗಿ ಮ್ಯೂಸಿಯಂನಲ್ಲಿ ಸಣ್ಣ ಉಡುಪುಗಳನ್ನು ನೋಡಿ ಆ ಕಾಲದವರೆಲ್ಲ ಸಣ್ಣ ಅಂದುಕೊಳ್ಳಬಾರದು. ಎಷ್ಟೋ ಜನ ಅಂದುಕೊಂಡರು. ಮ್ಯೂಸಿಯಂ ಉಡುಪಿನ ನಕ್ಷೆಯನ್ನು ಹಾಗೇ ಹಿಗ್ಗಿಸಿ ಹೊಲಿದರು, ಮತ್ತೆ ಅದೇ ಭುಜ, ಅದೇ ಕಂಕುಳು.

ಈಚಿನ ವರ್ಷಗಳಲ್ಲಿ ದಾರಿ ಹಳೇ ಕಡೆಗೇ ತಿರುಗಿದೆ. 1580ರಲ್ಲಿ ಸ್ಪೇನಿನ ದರ್ಜಿ ಹುವಾನ್ ದೆ ಅಲ್ಸೇಗಾ ಕಟಿಂಗ್ ಬಗ್ಗೆ ಒಂದು ಪುಸ್ತಕ ಅಚ್ಚು ಹಾಕಿಸಿದ್ದ. ಅಂಥ ಪುಸ್ತಕಗಳನ್ನು ಓದಿ, ಹಳೇ ಕಾಲದ ಉಡುಪು ಹೊಲಿಯುವ ಮ್ಯಾಥ್ಯೂ ನ್ಯಾಗಿ ಒಂದು ವಿಧಾನವನ್ನು ಮತ್ತೆ ಬಳಕೆಗೆ ತಂದಿದ್ದಾರೆ. ನಿಮ್ಮ ಎದೆ ಸುತ್ತಳತೆಯಷ್ಟು ಉದ್ದದ ಕಾಗದದ ಪಟ್ಟಿ ಮಾಡಿಕೊಳ್ಳಿ. ಅದನ್ನು ಮಡಚಿ ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು ಅಂತ ಗುರುತು ಹಾಕಿ. ಸೊಂಟಕ್ಕೆ ಇನ್ನೊಂದು ಪಟ್ಟಿ, ಉದ್ದಕ್ಕೆ ಮತ್ತೊಂದು. ಆ ಪಟ್ಟಿಗಳಿಂದಲೇ ಕಟಿಂಗ್. ಇಂಚು ಬೇಡ, ಸೈಜೂ ಬೇಡ. ಒಂದೇ ನಕ್ಷೆಯಿಂದ 30 ಇಂಚಿನವರಿಗೂ 60 ಇಂಚಿನವರಿಗೂ ಅವರವರ ಕುಪ್ಪಸ ಬರುತ್ತದೆ. ಆಮೇಲೆ ಕೋರಾ ಬಟ್ಟೆಯಲ್ಲಿ ಒಂದು ಹೊಲಿದು, ಮೈಮೇಲೆ ಹಾಕಿ, ಎಲ್ಲಿ ಎಳೆಯುತ್ತದೆ ನೋಡಿ ತಿದ್ದಬೇಕು. ಈ ಹಂತ ಬಿಟ್ಟರೆ ಯಾವ ವಿಧಾನವೂ ಕೈಹಿಡಿಯುವುದಿಲ್ಲ.

ದಪ್ಪ ಮೈಗೆ ಹೊಲಿಯುವಾಗ ಕೆಲವನ್ನು ಗಮನಿಸಬೇಕು. ಪ್ಯಾಟರ್ನ್ ಕೊಂಡರೆ ಎದೆಯ ಪೂರ್ತಿ ಸುತ್ತಳತೆ ನೋಡದೆ, ಕಂಕುಳ ಕೆಳಗೆ ಎದೆಯ ಮೇಲ್ಭಾಗದ ಅಳತೆ ನೋಡಿ ಸೈಜು ಆರಿಸಿ, ಎದೆ ಹೊಟ್ಟೆಗೆ ಬೇಕಾದ ಬಟ್ಟೆ ಆಮೇಲೆ ಸೇರಿಸಬೇಕು. ಕಸೆಯ ನಡುವೆ ಎರಡು ಇಂಚು ಸಂದು ಬಿಡಬೇಕು. ಸೊಂಟದ ಕೆಳಗೆ ಕುಪ್ಪಸವನ್ನು ಪಟ್ಟಿ ಪಟ್ಟಿಯಾಗಿ ಸೀಳಿದರೆ ಪಿರ್ರೆಯ ಮೇಲೆ ಅವು ಹರಡಿಕೊಳ್ಳುತ್ತವೆ, ಚುಚ್ಚುವುದಿಲ್ಲ. ಉಳಿದಿರುವ ಹಳೇ ಕುಪ್ಪಸಗಳಲ್ಲೂ ಹಾಗೇ ಇದೆ. ಕುಪ್ಪಸದ ಮುಂಭಾಗದ ಮಧ್ಯದಲ್ಲಿ ನಿಲ್ಲುವ ಕಡ್ಡಿಯ ಉದ್ದವನ್ನು ನಿಂತು ಅಳೆದರೆ ಸಾಲದು, ಕೂತು ಅಳೆಯಬೇಕು. ಇಲ್ಲದಿದ್ದರೆ ಊಟಕ್ಕೆ ಕೂತಾಗ ಅದು ಎದೆಗೆ ಒತ್ತುತ್ತದೆ. ಸರಿಯಾಗಿ ಕೂತ ಕುಪ್ಪಸ ತುಂಬು ಎದೆಗೆ ಈಗಿನ ಒಳಉಡುಪಿಗಿಂತ ಹಾಯಾಗಿರುತ್ತದೆ. ಭಾರ ಹೆಗಲ ಮೇಲೆ ಬೀಳದೆ ಇಡೀ ಮೈಗೆ ಹಂಚಿಕೊಳ್ಳುತ್ತದೆ.

ಈಗ ಹೊಸ ಜಗಳ ದುಡ್ಡಿನದು. ಹೊಲಿದು ಮಾರುವವರಲ್ಲಿ ಕೆಲವರು ದೊಡ್ಡ ಅಳತೆಗೆ ಬೆಲೆ ಜಾಸ್ತಿ ಇಡುತ್ತಾರೆ, ಬಟ್ಟೆ ಜಾಸ್ತಿ ಹಿಡಿಯುತ್ತದೆ ಅನ್ನುತ್ತಾರೆ. ಎಲ್ಲಾ ಅಳತೆಗೂ ಒಂದೇ ಬೆಲೆ ಇಡುವವರೂ ಇದ್ದಾರೆ. ಬಟ್ಟೆ ಜಾಸ್ತಿ ಹಿಡಿಯುವುದು ನಿಜವೇ. ಆದರೆ ಇಂಥ ಉಡುಪಿನಲ್ಲಿ ಬಟ್ಟೆಗಿಂತ ಹೆಚ್ಚು ಖರ್ಚಾಗುವುದು ಕೈಕೆಲಸ. ಕಸೆ ಪೋಣಿಸುವ ಒಂದೊಂದು ತೂತಿನ ಸುತ್ತಲೂ ಕೈಯಲ್ಲೇ ದಾರ ಸುತ್ತಿ ಗಟ್ಟಿ ಮಾಡಬೇಕು. ಆ ಒಂದು ತೂತಿಗೆ ಹಿಡಿಯುವ ಹೊತ್ತು 30 ಇಂಚಿನ ಕುಪ್ಪಸಕ್ಕೂ 60 ಇಂಚಿನ ಕುಪ್ಪಸಕ್ಕೂ ಅಷ್ಟೇ.