ಛತ್ರಕ್ಕೆ ಮೊದಲೇ ಸರ್ಟಿಫಿಕೇಟು: ಸಂಗಾತಿಯ ವೀಸಾ ಕಾಗದದ ಹಿಂದಿನ ಕಥೆ

ಮೈಸೂರು, ಮಂಡ್ಯ ಕಡೆ ಇದೀಗ ಮಾಮೂಲಿ. ಹುಡುಗ ದುಬೈನಲ್ಲೋ ಡಲ್ಲಾಸ್‌ನಲ್ಲೋ ಇರುತ್ತಾನೆ. ನಿಶ್ಚಿತಾರ್ಥ ಆಗುತ್ತಿದ್ದ ಹಾಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆ ನೋಂದಣಿ ಮಾಡಿಸಿಬಿಡುತ್ತಾರೆ, ಧಾರೆ ಆರು ತಿಂಗಳ ಮೇಲೆ. ಅಷ್ಟರೊಳಗೆ ಹುಡುಗಿಯ ವೀಸಾ ಆಗಿರುತ್ತದೆ ಎಂಬ ಲೆಕ್ಕ. ಲೆಕ್ಕ ಚೆನ್ನಾಗಿದೆ, ಕಾನೂನಿನ ಮುಂದೆ ಮಾತ್ರ ನಿಲ್ಲುವುದಿಲ್ಲ.

ಮದುವೆಗೆ ಕಾಗದ ಕೇಳುವ ಈ ಪದ್ಧತಿ ಹಳೆಯದು, ಅದರ ಪೆಟ್ಟು ನಮ್ಮವರಿಗೂ ಬಿದ್ದಿದೆ. 1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕಾದ ಕೇಪ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು: ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ಆದ ಮದುವೆ ವಲಸೆ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಹಿಂದೂ, ಮುಸ್ಲಿಂ ಹೆಂಡತಿಯರು ಒಂದೇ ಏಟಿಗೆ ಹೆಂಡತಿಯರಲ್ಲದೆ ಹೋದರು. ಕಸ್ತೂರಬಾ ಸತ್ಯಾಗ್ರಹಕ್ಕಿಳಿದು ಜೈಲಿಗೆ ಹೋದದ್ದು ಆ ವರ್ಷವೇ. 1914ರ ಇಂಡಿಯನ್ ರಿಲೀಫ್ ಕಾಯ್ದೆ ಒಬ್ಬ ಹೆಂಡತಿಯ ಮಟ್ಟಿಗೆ ಇಂಥ ಮದುವೆಯನ್ನು ಒಪ್ಪಿತು. ಕೆನಡಾದ ದಾರಿ ಬೇರೆ. ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರ ಪಯಣದಲ್ಲಿ ಬರಬೇಕು ಎಂಬ 1908ರ ನಿಯಮದಿಂದ, ಅಂಥ ನೇರ ಹಡಗು ಸಿಗದೆ, ಅಲ್ಲಿ ನೆಲೆಸಿದ್ದ ಭಾರತೀಯರ ಹೆಂಡತಿ ಮಕ್ಕಳು ಊರಲ್ಲೇ ಉಳಿದರು. ಅವರಿಗೆ ಬಾಗಿಲು ತೆರೆದದ್ದು 1919ರಲ್ಲಿ. ಬ್ರಿಟನ್ನಿನಲ್ಲಂತೂ 1997ರವರೆಗೆ, ದೇಶದೊಳಗೆ ಬರುವುದೇ ಈ ಮದುವೆಯ ಮುಖ್ಯ ಉದ್ದೇಶವಲ್ಲ ಎಂದು ದಂಪತಿಯೇ ಸಾಬೀತು ಮಾಡಬೇಕಿತ್ತು. ಇಲ್ಲದ್ದನ್ನು ಇಲ್ಲವೆಂದು ತೋರಿಸುವ ಕೆಲಸ ಅದು, ವಕೀಲರಿಗೆ ಬಿಟ್ಟರೆ ಯಾರಿಗೂ ಅನುಕೂಲವಾಗಲಿಲ್ಲ.

ಇತ್ತ ನಮ್ಮಲ್ಲಿ ಲಗ್ನಪತ್ರಿಕೆ, ಫೋಟೋ ಆಲ್ಬಮ್ ಇದ್ದರೆ ಸಾಕಾಗಿತ್ತು. ನೋಂದಣಿಗೆಂದು ಕರ್ನಾಟಕ 1976ರಲ್ಲೇ ಕಾಯ್ದೆ ಮಾಡಿತ್ತು. 2006ರಲ್ಲಿ ಸೀಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಲ್ಲೂ ನೋಂದಣಿ ಕಡ್ಡಾಯ ಮಾಡಿ ಎಂದಿತು. ಆದರೂ ಹೆಚ್ಚಿನವರು ಕಚೇರಿಯ ಮೆಟ್ಟಿಲು ಹತ್ತುವುದು ವೀಸಾ ಬೇಕಾದಾಗಲೇ.

ಮೊದಲು ಹೇಳಿದ ಲೆಕ್ಕ ತಪ್ಪುವುದು ಇಲ್ಲಿ. 2024ರ ಏಪ್ರಿಲ್‌ನಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಇದೇ ರೂಢಿಯನ್ನು ಎತ್ತಿ ಆಡಿದರು, ವೀಸಾ ಅರ್ಜಿಯನ್ನೂ ಹೆಸರಿಸಿಯೇ. ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ನಿನಂತೆ ಶಾಸ್ತ್ರ ನಡೆದಿದ್ದರೆ ಮಾತ್ರ ಮದುವೆ. 8ನೇ ಸೆಕ್ಷನ್ನಿನ ನೋಂದಣಿ ನಡೆದದ್ದಕ್ಕೆ ಸಾಕ್ಷಿಯಷ್ಟೇ. ಶಾಸ್ತ್ರವಿಲ್ಲದ ಸರ್ಟಿಫಿಕೇಟು ಮದುವೆಯನ್ನು ಹುಟ್ಟಿಸುವುದಿಲ್ಲ. ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಸರ್ಟಿಫಿಕೇಟಿನಲ್ಲಿ ಒಂದು ತಾರೀಕು, ಲಗ್ನಪತ್ರಿಕೆಯಲ್ಲಿ ಇನ್ನೊಂದು ಇದ್ದರೆ, ವೀಸಾ ಅಧಿಕಾರಿ ಮೊದಲು ಕೇಳುವುದೇ ಅದನ್ನು.

ಅವಸರವಿದ್ದವರಿಗೆ ನೇರ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇದರಲ್ಲಿ ಶಾಸ್ತ್ರ ಬೇಕಿಲ್ಲ, ವಿವಾಹಾಧಿಕಾರಿಯ ಎದುರು ಮೂವರು ಸಾಕ್ಷಿಗಳೊಂದಿಗೆ ಆದದ್ದೇ ಮದುವೆ. ಇಬ್ಬರಲ್ಲಿ ಒಬ್ಬರು ನೋಟಿಸಿಗೆ ಮೊದಲು 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದರೆ ಸಾಕು, ಊರಲ್ಲಿರುವ ಹುಡುಗಿಯ ವಿಳಾಸವೇ ಆದೀತು. ನೋಟಿಸ್ ಪ್ರಕಟವಾಗಿ 30 ದಿನ ಕಾಯಬೇಕು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ರದ್ದು, ಮತ್ತೆ ಮೊದಲಿಂದ. ಹತ್ತು ದಿನದ ರಜೆಯಲ್ಲಿ ಎಲ್ಲ ಮುಗಿಸುತ್ತೇನೆಂದು ಬರುವವರು ಎಡವುವುದು ಈ ಮೂವತ್ತು ದಿನದಲ್ಲೇ.

ತಾರೀಕು ಸರಿಯಿದ್ದರೂ ಹೆಸರು ಕೈಕೊಡುತ್ತದೆ. ನಮ್ಮ ಕಡೆ ಮನೆತನದ ಹೆಸರಿಗಿಂತ ಇನಿಷಿಯಲ್ಲೇ ಹೆಚ್ಚು: ಒಂದು ಊರಿನದು, ಒಂದು ಅಪ್ಪನದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಸವಿತಾ ಬಿ.ಕೆ.’, ಆಧಾರಿನಲ್ಲಿ ಬರೀ ‘ಸವಿತಾ’, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪ ಎರಡೂ ಬಿಡಿಸಿಕೊಂಡು ಮೂರು ಪದ. ಅಪ್ಪನ ಹೆಸರಿನ ಗೌಡ ಒಂದು ಕಡೆ ‘ಓ ಡಬ್ಲ್ಯು’, ಇನ್ನೊಂದು ಕಡೆ ‘ಎ ಯು’. ಪಾಸ್‌ಪೋರ್ಟಿನಲ್ಲಿ ಒಂದೇ ಪದವಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಹಾಗಾಗಿ ನೋಂದಣಿ ಅರ್ಜಿಯಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಇರಲಿ, ಸಹಿ ಹಾಕುವ ಮೊದಲು ಓದಿ. ಮದುವೆಯಾಯಿತೆಂದು ಹುಡುಗಿಯ ಹೆಸರು ಬದಲಿಸುವುದನ್ನು ವೀಸಾ ಆಗುವವರೆಗೆ ಮುಂದೂಡುವುದು ವಾಸಿ.

ಮುಂದಿನದು ಮುದ್ರೆಗಳ ಸರದಿ. ಅಪೊಸ್ಟಿಲ್ ಅಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಹೇಗ್ ಒಪ್ಪಂದದಡಿ ಹಾಕುವ ಮುದ್ರೆ. ಭಾರತದಲ್ಲಿ ಅದು ಜಾರಿಗೆ ಬಂದದ್ದು 2005ರ ಜುಲೈ 14ರಂದು. ರಾಜ್ಯ ಸರ್ಕಾರದ ದೃಢೀಕರಣ, ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಬಿದ್ದರೆ ಹೇಗ್ ಒಪ್ಪಂದದ ಹೆಚ್ಚಿನ ದೇಶಗಳಿಗೆ ಸಾಕು. ದುಬೈ ಇರುವ ಯುಎಇ ಆ ಒಪ್ಪಂದದಲ್ಲಿಲ್ಲ. ಅದಕ್ಕೆ ಸಚಿವಾಲಯದ ನಂತರ ರಾಯಭಾರ ಕಚೇರಿ, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ, ಜೊತೆಗೆ ಅರಬ್ಬಿ ಅನುವಾದ. ಲ್ಯಾಮಿನೇಟ್ ಮಾಡಿಸಿಟ್ಟ ಸರ್ಟಿಫಿಕೇಟಿನ ಮೇಲೆ ಮುದ್ರೆ ಕೂರುವುದಿಲ್ಲ, ಹೊಸ ದೃಢೀಕೃತ ಪ್ರತಿ ತೆಗೆಸಬೇಕಾಗುತ್ತದೆ.

ಕರೆಸಿಕೊಳ್ಳುವವರ ಸಂಬಳ, ಬರುವವರ ಭಾಷೆ, ಷರತ್ತು ದೇಶಕ್ಕೊಂದು. ಯುಎಇಯಲ್ಲಿ ತಿಂಗಳಿಗೆ 4,000 ದಿರ್ಹಂ, ಇಲ್ಲವೇ 3,000 ಮತ್ತು ವಸತಿ. ಬ್ರಿಟನ್ 2012ರಲ್ಲಿ ಇಟ್ಟ ವರ್ಷಕ್ಕೆ 18,600 ಪೌಂಡಿನ ಕನಿಷ್ಠ ಮಿತಿ 2024ರಲ್ಲಿ 29,000ಕ್ಕೆ ಏರಿತು. ಅದು ಬ್ರಿಟಿಷ್ ಪ್ರಜೆಗಳ ಮತ್ತು ಅಲ್ಲಿ ಕಾಯಂ ನೆಲೆಸಿದವರ ಸಂಗಾತಿಗೆ, ಕೆಲಸದ ವೀಸಾದವರಿಗಲ್ಲ. ಜರ್ಮನಿ 2007ರಿಂದ ಸಂಗಾತಿಗೆ ಎ1 ಮಟ್ಟದ, ಅಂದರೆ ತೀರ ಆರಂಭದ ಹಂತದ ಜರ್ಮನ್ ಭಾಷೆ ಕೇಳುತ್ತದೆ, ಬ್ಲೂ ಕಾರ್ಡ್ (ಉನ್ನತ ಕೌಶಲದ ಉದ್ಯೋಗಿಗಳ ಪರವಾನಗಿ) ಇರುವವರ ಸಂಗಾತಿಗೆ ವಿನಾಯಿತಿ.

ಅಮೆರಿಕದಲ್ಲಿ ಮತ್ತೆ ತಾರೀಕಿನದೇ ಆಟ. ಎಚ್-1ಬಿ ಎಂಬ ಕೆಲಸದ ವೀಸಾದವರ ಸಂಗಾತಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಹೋಗಬಹುದು. ಅವರಲ್ಲಿ ಕೆಲವರಿಗೆ, ಎಚ್-1ಬಿಯವರಿಗೆ ಗ್ರೀನ್ ಕಾರ್ಡಿಗೆಂದು (ಕಾಯಂ ವಾಸದ ಹಕ್ಕಿಗೆಂದು) ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ, 2015ರ ಮೇ 26ರಿಂದ ದುಡಿಯುವ ಅನುಮತಿಯೂ ಇದೆ. ಆದರೆ ಉದ್ಯೋಗದ ಮೇಲೆ ಗ್ರೀನ್ ಕಾರ್ಡ್ ಸಿಗುವ ಮೊದಲೇ ಮದುವೆಯಾಗಿದ್ದರೆ ಸಂಗಾತಿಗೂ ಅದೇ ಅರ್ಜಿಯ ಹಕ್ಕಿನಲ್ಲಿ ಬರುತ್ತದೆ, ಒಂದು ದಿನ ತಡವಾದರೂ ಗ್ರೀನ್ ಕಾರ್ಡ್ ಇರುವವರ ಸಂಗಾತಿಗಳಿಗಿರುವ ಎಫ್2ಎ ಸಾಲಿನಲ್ಲಿ ಪ್ರತ್ಯೇಕವಾಗಿ ನಿಲ್ಲಬೇಕು. ಗ್ರೀನ್ ಕಾರ್ಡ್ ಯಾವ ತಿಂಗಳಾದರೂ ಬರಬಹುದು ಎನ್ನುವ ಹುಡುಗನ ಮನೆಯವರು ಆಷಾಢ ಕಳೆಯಲಿ ಎಂದು ಕಾಯುವ ಮುನ್ನ ವಕೀಲರನ್ನೊಮ್ಮೆ ಕೇಳಬೇಕು.